ಮನೆಗೆ ಕನ್ನ ಬಿದ್ದ ಮೇಲೆ: ಮುರಿದ ಕೊಂಡಿಯಿಂದ ನ್ಯಾಯಾಲಯದ ಮುಚ್ಚಳಿಕೆಯವರೆಗೆ

ಹಬ್ಬಕ್ಕೆಂದು ಊರಿಗೆ ಹೋಗಿ, ರಾತ್ರಿ ಬಸ್ಸಿನಲ್ಲಿ ಹಿಂದಿರುಗಿ, ಮೆಜೆಸ್ಟಿಕ್‌ನಲ್ಲಿ ಇಳಿದು ಆಟೊ ಹಿಡಿದು ಮನೆ ತಲುಪುವ ಹೊತ್ತಿಗೆ ಬೆಳಗಿನ ಆರು ಗಂಟೆಯಾಗಿರುತ್ತದೆ. ಗೇಟು ತೆರೆದಿದೆ, ಮುಂಬಾಗಿಲಿನ ಕೊಂಡಿ ಮುರಿದು ನೇತಾಡುತ್ತಿದೆ. ಆ ಕ್ಷಣದಲ್ಲಿ ಯಾರ ಕಾಲಾದರೂ ನೇರವಾಗಿ ಬೀರುವಿನ ಕಡೆಗೆ ಓಡುತ್ತದೆ, ಓಡಬಾರದೆಂದು ಹೇಳುವುದು ಸುಲಭ. ಆದರೂ ಹೇಳಲೇಬೇಕಾಗಿದೆ, ಏಕೆಂದರೆ ಹೋದದ್ದು ಮರಳಿ ಕೈಸೇರುವುದಾದರೆ ಅದು ಕಳ್ಳ ಸಿಗುವುದರ ಮೇಲೆ ಎಷ್ಟು ನಿಂತಿದೆಯೋ, ಮೊದಲ ಎರಡು ಮೂರು ದಿನಗಳಲ್ಲಿ ನಾವು ಏನನ್ನು ಮುಟ್ಟಿದೆವು, ಏನನ್ನು ಬರೆದುಕೊಟ್ಟೆವು ಎಂಬುದರ ಮೇಲೆಯೂ ಅಷ್ಟೇ ನಿಂತಿದೆ. ಕಳ್ಳ ಸಿಕ್ಕಿ, ಚಿನ್ನವೂ ಸಿಕ್ಕಿ, ಅದು ತಮ್ಮದೆಂದು ತೋರಿಸಲಾಗದೆ ಉಳಿದವರಿದ್ದಾರೆ.

ಹೊಸ್ತಿಲ ಹೊರಗೆ

ಬಾಗಿಲು ಮುರಿದಿರುವುದು ಕಂಡರೆ ಒಳಗೆ ಹೋಗದೆ ಹಿಂದೆ ಸರಿಯಿರಿ. ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂಬುದು ನಿಮಗೆ ಗೊತ್ತಿರುವುದಿಲ್ಲ, ಸಿಕ್ಕಿಬಿದ್ದ ಕಳ್ಳನ ಕೈಯಲ್ಲಿ ಕಬ್ಬಿಣದ ಸಲಾಕೆಯಂತೂ ಇದ್ದೇ ಇರುತ್ತದೆ. ರಸ್ತೆಗೆ ಬಂದು 112ಕ್ಕೆ ಕರೆ ಮಾಡಿ ವಿಳಾಸವನ್ನು ಅಡ್ಡರಸ್ತೆ, ಮುಖ್ಯರಸ್ತೆ, ಹತ್ತಿರದ ಗುರುತು ಸಮೇತ ಹೇಳಿದರೆ ಹೊಯ್ಸಳ ಗಸ್ತು ವಾಹನ ಬರುತ್ತದೆ. ಬೆಂಗಳೂರಿನಲ್ಲಿ ಒಂದೇ ಹೆಸರಿನ ಅಡ್ಡರಸ್ತೆಗಳು ಬಡಾವಣೆಗೊಂದರಂತೆ ಇರುವುದರಿಂದ ಬಡಾವಣೆ ಮತ್ತು ಹಂತವನ್ನು ಬಿಡದೆ ಹೇಳಬೇಕು. ಕರೆ ಮಾಡಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈ ಚೀಟಿಯೇ ಮುಂದೆ ನಿಮ್ಮ ಕಡತದ ಮೊದಲ ಹಾಳೆಯಾಗುತ್ತದೆ.

ಪೊಲೀಸರು ಬರುವಷ್ಟರಲ್ಲಿ ನೆರೆಹೊರೆಯವರು ಸೇರುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಹತ್ತು ಜನ ಒಳಗೆ ಹೊಕ್ಕು ಅಯ್ಯೋ ಎಂದರೆ ಕಳ್ಳನ ಹೆಜ್ಜೆ ಗುರುತಿನ ಮೇಲೆ ಹತ್ತು ಜೊತೆ ಹೆಜ್ಜೆ ಬೀಳುತ್ತದೆ, ಆಮೇಲೆ ಶ್ವಾನದಳದ ನಾಯಿಗಾಗಲಿ ಬೆರಳಚ್ಚು ತಜ್ಞರಿಗಾಗಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಗಟ್ಟಿ ಮನಸ್ಸಿನ ಒಬ್ಬರನ್ನು ಗೇಟಿನ ಬಳಿ ನಿಲ್ಲಿಸಿ. ಮಳೆ ಬರುವಂತಿದ್ದು ಅಂಗಳದಲ್ಲಿ ಕೆಸರಿನ ಹೆಜ್ಜೆಯೋ ಬೈಕಿನ ಚಕ್ರದ ಗುರುತೋ ಇದ್ದರೆ ಅದರ ಮೇಲೆ ಬೋಗುಣಿ ಅಥವಾ ರಟ್ಟಿನ ಪೆಟ್ಟಿಗೆ ಬೋರಲು ಹಾಕಿಡಿ. ಕಳ್ಳರು ಫ್ರಿಜ್ ತೆರೆದು ಏನಾದರೂ ತಿಂದುಹೋಗಿದ್ದರೆ ಆ ಬಾಟಲಿ, ಲೋಟಗಳು ಇದ್ದಲ್ಲೇ ಇರಲಿ. ಚೆಲ್ಲಾಪಿಲ್ಲಿಯಾದ ಬಟ್ಟೆಯನ್ನು ಮಡಚಿಡುವುದು, ದೇವರ ಮನೆಯನ್ನು ಒರೆಸಿ ದೀಪ ಹಚ್ಚುವುದು ನಮ್ಮ ಮನೆಗಳಲ್ಲಿ ತಾನಾಗಿಯೇ ನಡೆದುಹೋಗುವ ಕೆಲಸ. ಬೆಳ್ಳಿ ದೀಪದ ಕಂಬವನ್ನು ಕೊಂಡೊಯ್ದವನು ಪಕ್ಕದ ಹಿತ್ತಾಳೆ ತಟ್ಟೆಯನ್ನು ಸರಿಸಿರಬಹುದು ಎಂಬುದನ್ನು ನೆನೆದು ಆ ದಿನದ ಮಟ್ಟಿಗೆ ಅದನ್ನು ತಡೆಯಿರಿ.

ಕಾಯುವ ಈ ಹೊತ್ತು ವ್ಯರ್ಥವಾಗಬೇಕಿಲ್ಲ. ಮನೆಯಲ್ಲಿ ಎಟಿಎಂ ಕಾರ್ಡು, ಚೆಕ್ ಪುಸ್ತಕ, ಹಳೆಯ ಮೊಬೈಲು ಇಟ್ಟಿದ್ದುದು ನೆನಪಿದ್ದರೆ ರಸ್ತೆಯಲ್ಲಿ ನಿಂತೇ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ತಡೆಹಿಡಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗುಪ್ತಸಂಖ್ಯೆಯನ್ನು ಕಾರ್ಡಿನ ಜೊತೆಗೇ ಬರೆದಿಟ್ಟಂತಹ ಗ್ರಾಹಕನ ಅಜಾಗರೂಕತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಇಲ್ಲಿ ನಿಮಿಷಕ್ಕೂ ಬೆಲೆಯಿದೆ. ಬ್ಯಾಂಕು ಕೊಡುವ ದೂರಿನ ಸಂಖ್ಯೆಯೂ ಅದೇ ಚೀಟಿಗೆ ಸೇರಲಿ.

ದೂರು

ಠಾಣೆಯಲ್ಲಿ ಕೊಡುವ ದೂರನ್ನು ಬಹುತೇಕರು ಅವಸರದಲ್ಲಿ, ಅಳುತ್ತ, ಬೇರೆಯವರ ಕೈಯಲ್ಲಿ ಬರೆಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಒಂದು ಗಂಟೆ ಹೆಚ್ಚು ಕೊಡಬೇಕಾದ ಜಾಗ ಯಾವುದಾದರೂ ಇದ್ದರೆ ಅದು ಇದೇ. ಮನೆಗೆ ಬೀಗ ಹಾಕಿದ ದಿನಾಂಕ ಮತ್ತು ಸಮಯ, ಕಳವು ಕಂಡ ಸಮಯ, ಬಾಗಿಲು ಅಥವಾ ಕಿಟಕಿಯ ಸರಳು ಹೇಗೆ ಮುರಿದಿತ್ತು, ಬೀರು ಹೇಗಿತ್ತು, ಏನೇನು ಹೋಗಿದೆ, ಮನೆಯ ಕೀಲಿ ಯಾರ ಯಾರ ಬಳಿ ಇತ್ತು ಎಂಬಿಷ್ಟು ಅದರಲ್ಲಿ ಇರಲೇಬೇಕು. ಕನ್ನಡದಲ್ಲಿ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಠಾಣೆಯ ವ್ಯವಹಾರವೇ ಕನ್ನಡದಲ್ಲಿ ನಡೆಯುವುದರಿಂದ ಅದು ಎಲ್ಲರಿಗೂ ಅನುಕೂಲ.

ಬಾಗಿಲು ಮುರಿದ ಸಂಗತಿಯನ್ನು ನಾನು ಒತ್ತಿ ಹೇಳಲು ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ 303ನೆಯ ಕಲಮು, ವಾಸದ ಮನೆಯೊಳಗಿನ ಕಳ್ಳತನಕ್ಕೆ 305ನೆಯ ಕಲಮು, ಕನ್ನ ಹಾಕಿ ಒಳನುಗ್ಗುವುದಕ್ಕೆ 331ನೆಯ ಕಲಮು ಇದೆ. 305ರಲ್ಲಿ ಏಳು ವರ್ಷದವರೆಗೆ, ಕಳ್ಳತನದ ಉದ್ದೇಶದಿಂದ ಹಗಲು ಕನ್ನ ಹಾಕಿದರೆ ಹತ್ತು ವರ್ಷದವರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಹಾಕಿದರೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆಯುಂಟು. ದೂರಿನಲ್ಲಿ ಬೀಗ ಒಡೆದ ಮಾತೇ ಇಲ್ಲದಿದ್ದರೆ ಪ್ರಕರಣ ಬರಿಯ ಕಳ್ಳತನವಾಗಿ ದಾಖಲಾಗುವ ಸಂಭವವಿದೆ, ಅದರ ಬಿಸಿ ಆಮೇಲೆ ವಿಮೆಯ ಕಚೇರಿಯಲ್ಲಿ ತಟ್ಟುತ್ತದೆ.

ದೂರು ಕೊಟ್ಟ ಮೇಲೆ ನಿಮ್ಮ ಕೈಗೆ ಬರಬೇಕಾದದ್ದು ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್‌ನ ಪ್ರತಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅದನ್ನು ಉಚಿತವಾಗಿ ಕೊಡಬೇಕು. ಸ್ವೀಕೃತಿ ಚೀಟಿ, ಹಿಂಬರಹ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಇವು ಯಾವುವೂ ಎಫ್‌ಐಆರ್‌ಗೆ ಸಮನಲ್ಲ. ರಸ್ತೆಯ ಆ ಬದಿ ಒಂದು ಠಾಣೆಗೆ, ಈ ಬದಿ ಇನ್ನೊಂದಕ್ಕೆ ಸೇರುವ ಬಡಾವಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾವ ಠಾಣೆಯ ಹದ್ದು ಎಂಬ ಪ್ರಶ್ನೆ ಎದ್ದರೂ ದೂರನ್ನು ಸ್ವೀಕರಿಸಿ, ಝೀರೊ ಎಫ್‌ಐಆರ್ ಆಗಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ಪರ ಊರಿನಲ್ಲಿದ್ದು ಇ-ಮೇಲ್ ಮೂಲಕ ದೂರು ಕಳುಹಿಸಿದವರು ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತೇವೆ ಎಂಬ ಉತ್ತರ ಬಂದರೆ, ಆ ಅವಕಾಶ ಇರುವುದು ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ, ಮನೆಗಳ್ಳತನ ಅದರೊಳಗೆ ಬರುವುದಿಲ್ಲ ಎಂದು ವಿನಯದಿಂದಲೇ ತಿಳಿಸಬಹುದು. ದೂರನ್ನು ದಾಖಲಿಸಲೇ ಇಲ್ಲವೆಂದಾದರೆ ಅದರ ಸಾರಾಂಶವನ್ನು ನಿಮ್ಮ ವಲಯದ ಉಪ ಪೊಲೀಸ್ ಆಯುಕ್ತರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಹಾಕಬಹುದು. ನನಗೆ ಕಂಡಂತೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಅಪರೂಪ. ಚೆನ್ನಾಗಿ ಬರೆದ ದೂರೇ ಅರ್ಧ ಕೆಲಸ ಮಾಡಿರುತ್ತದೆ.

ಪೊಲೀಸರು ಪಂಚರ, ಅಂದರೆ ಸ್ವತಂತ್ರ ಸಾಕ್ಷಿಗಳ, ಸಮಕ್ಷಮದಲ್ಲಿ ಸ್ಥಳ ಮಹಜರು ಮಾಡಿ, ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಅದನ್ನು ಓದಿಸಿ ಕೇಳಿ, ಮುರಿದ ಬೀಗ, ಬಗ್ಗಿದ ಸರಳು, ಬಿಟ್ಟುಹೋದ ಸಲಾಕೆ ಎಲ್ಲವೂ ಸೇರಿದೆಯೇ ಎಂದು ನೋಡಿದ ಮೇಲೆಯೇ ಬಡಗಿಯನ್ನು ಕರೆಸಿ. ಮಹಜರಿಗೆ ಮುಂಚೆ ಹೊಸ ಬೀಗ ಹಾಕಿಸಿ ಹಳೆಯದನ್ನು ಗುಜರಿಗೆ ಕೊಟ್ಟವರೂ ಉಂಟು.

ಪಟ್ಟಿ

ಏನು ಹೋಯಿತು ಎಂಬ ಪಟ್ಟಿ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮೂರನೆಯ ದಿನ ಅಜ್ಜಿಯ ಓಲೆ ನೆನಪಾಗುತ್ತದೆ, ಹತ್ತನೆಯ ದಿನ ಯಾವುದೋ ನಾಮಕರಣಕ್ಕೆ ಉಟ್ಟುಹೋಗಲೆಂದು ಸೀರೆ ಹುಡುಕುವಾಗ ಅದೂ ಇಲ್ಲವೆಂದು ಗೊತ್ತಾಗುತ್ತದೆ. ಮೊದಲ ದೂರಿನಲ್ಲಿಯೇ ‘ಮನೆಯನ್ನು ಪೂರ್ತಿ ಪರಿಶೀಲಿಸಿದ ನಂತರ ಉಳಿದ ವಸ್ತುಗಳ ವಿವರವನ್ನು ಸಲ್ಲಿಸುತ್ತೇನೆ’ ಎಂಬ ಒಂದು ಸಾಲು ಸೇರಿಸಿ, ನೆನಪಾದದ್ದನ್ನು ಪೂರಕ ಹೇಳಿಕೆಯಾಗಿ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಒಡವೆಯ ವಿವರ ‘ಸುಮಾರು 150 ಗ್ರಾಂ ಚಿನ್ನಾಭರಣ’ ಎಂದಿದ್ದರೆ ಅದು ವಿವರವೇ ಅಲ್ಲ. ಎರಡೆಳೆಯ ಅವಲಕ್ಕಿ ಸರ, ತೂಕ ಇಷ್ಟು, ಕೊಂಡಿಯ ಬಳಿ ಬೆಸುಗೆ ಹಾಕಿಸಿದ ಗುರುತಿದೆ, ತಾಳಿಯ ಹಿಂಬದಿಯಲ್ಲಿ ಇಂಥ ಅಕ್ಷರವಿದೆ ಎಂಬಷ್ಟು ಬಿಡಿಯಾಗಿ ಬರೆಯಬೇಕು. ಮದುವೆಯ ಆಲ್ಬಮ್ಮು ಇಲ್ಲಿ ಒದಗಿಬರುತ್ತದೆ. ಗೃಹಪ್ರವೇಶ, ಸೀಮಂತಗಳ ಫೋಟೊಗಳಲ್ಲಿ ಒಡವೆ ಸ್ಪಷ್ಟವಾಗಿ ಕಾಣುವಂಥವನ್ನು ಆರಿಸಿ ಪ್ರತಿ ಮಾಡಿಸಿ. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಒಡವೆಗಳ ಮೇಲೆ ಅಕ್ಷರ, ಅಂಕೆಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಕೇತ ಬರುತ್ತಿದ್ದು, 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಗಳು ಮಾರುವಂತಿಲ್ಲ. ನಿಮ್ಮ ಬಿಲ್ಲಿನಲ್ಲಿ ಆ ಸಂಕೇತವಿದ್ದರೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಬೇಕಿಲ್ಲ. ಬಿಲ್ಲು ಕಳೆದುಹೋಗಿದ್ದರೆ, ಅವೆನ್ಯೂ ರಸ್ತೆಯಲ್ಲೋ ಮಲ್ಲೇಶ್ವರದಲ್ಲೋ ಕೊಂಡ ಅಂಗಡಿಗೆ ಹೋಗಿ ಹಳೆಯ ಲೆಕ್ಕದಿಂದ ನಕಲು ತೆಗೆಸಿಕೊಡಲು ಕೇಳಿ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳದೆ ಇರಲಾಗದು. ಆದಾಯ ತೆರಿಗೆಯವರು ಬಂದಾರೆಂದು ಹೆದರಿ ಅರ್ಧ ಚಿನ್ನವನ್ನಷ್ಟೇ ಬರೆಸುವವರಿದ್ದಾರೆ, ವಿಮೆಯ ಆಸೆಗೆ ಹೋಗದ್ದನ್ನೂ ಸೇರಿಸುವವರೂ ಇದ್ದಾರೆ. ಮೊದಲನೆಯವರು, ಮುಂದೆ ಪೂರ್ತಿ ಚಿನ್ನ ಸಿಕ್ಕರೆ ಬರೆಸದ ಅರ್ಧವನ್ನು ತಮ್ಮದೆಂದು ಹೇಳುವ ದಾರಿಯನ್ನು ತಾವೇ ಮುಚ್ಚಿಕೊಂಡಿರುತ್ತಾರೆ. ಕೇಂದ್ರ ನೇರ ತೆರಿಗೆ ಮಂಡಳಿಯ 1994ರ ಸೂಚನೆಯಂತೆ ತೆರಿಗೆ ಶೋಧದ ಹೊತ್ತಿನಲ್ಲಿಯೂ ವಿವಾಹಿತ ಮಹಿಳೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡುವುದಿಲ್ಲವೆಂಬುದು ತಿಳಿದಿದ್ದರೆ ಆ ಭಯ ಬಹುಪಾಲು ಇಳಿಯುತ್ತದೆ. ಎರಡನೆಯವರ ಬಗ್ಗೆ ಹೇಳುವುದಾದರೆ, ಪೊಲೀಸರಿಗೆ ಸುಳ್ಳು ಮಾಹಿತಿ ಕೊಡುವುದು ಸ್ವತಃ ಅಪರಾಧ.

ಕ್ಯಾಮೆರಾ

ರಸ್ತೆಯ, ಎದುರು ಮನೆಯ, ಅಪಾರ್ಟ್‌ಮೆಂಟಿನ ಸಿಸಿಟಿವಿ ದೃಶ್ಯಗಳು ಶಾಶ್ವತವಲ್ಲ. ದೃಶ್ಯ ದಾಖಲಿಸುವ ಪೆಟ್ಟಿಗೆಯ ಸಾಮರ್ಥ್ಯಕ್ಕೆ ತಕ್ಕಂತೆ ಕೆಲವು ವಾರಗಳಲ್ಲಿ, ಕೆಲವೆಡೆ ಒಂದೇ ವಾರದಲ್ಲಿ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಅದೇ ದಿನ ಸಂಘದ ಕಾರ್ಯದರ್ಶಿಗೆ ಲಿಖಿತ ಮನವಿ ಕೊಟ್ಟು, ಎದುರಿನ ಅಂಗಡಿಯವರಲ್ಲಿ ಬಾಯಿಮಾತಿನಲ್ಲಿ ಕೇಳಿ, ದೃಶ್ಯಗಳನ್ನು ಪೆನ್‌ಡ್ರೈವಿಗೆ ಇಳಿಸಿಡುವಂತೆ ಮಾಡಿ, ತನಿಖಾಧಿಕಾರಿಗೆ ತಿಳಿಸಿ. ಕ್ಯಾಮೆರಾದ ಗಡಿಯಾರ ಸರಿಯಾದ ಹೊತ್ತನ್ನು ತೋರಿಸುವುದು ಅಪರೂಪ. ಮೊಬೈಲಿನ ಸಮಯಕ್ಕೆ ಹೋಲಿಸಿ ಎಷ್ಟು ನಿಮಿಷ ಹಿಂದೆ ಅಥವಾ ಮುಂದೆ ಇದೆ ಎಂದು ಬರೆದುಕೊಳ್ಳಿ. ಮೂಲ ಪೆಟ್ಟಿಗೆಯನ್ನು ನೀವು ಬಿಚ್ಚಲು ಹೋಗಬೇಡಿ, ಏಕೆಂದರೆ ಅದರೊಳಗಿನ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ದೃಶ್ಯವನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಆಸೆಯನ್ನೂ ಅದುಮಿಟ್ಟುಕೊಳ್ಳಿ.

ಮೊಬೈಲು, ಲ್ಯಾಪ್‌ಟಾಪು, ಕಾಗದಪತ್ರ

ಕಳುವಾದ ಮೊಬೈಲಿನ ಸಿಮ್ ತಡೆಹಿಡಿಸಿ ಅದೇ ಸಂಖ್ಯೆಯ ಹೊಸ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲವಾದ್ದರಿಂದ ಒಟಿಪಿ ಬೇಕಾದ ಕೆಲಸಗಳನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಕು. ಎಫ್‌ಐಆರ್ ಪ್ರತಿ, ಖರೀದಿಯ ಬಿಲ್ಲು, ಗುರುತಿನ ಚೀಟಿ ಇದ್ದರೆ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಐಎಂಇಐ ಸಂಖ್ಯೆ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಆ ಮೊಬೈಲು ದೇಶದ ಯಾವ ಜಾಲದಲ್ಲೂ ಕೆಲಸ ಮಾಡದಂತೆ ಮಾಡಬಹುದು. ಆ ಸಂಖ್ಯೆ ಮೊಬೈಲಿನ ಡಬ್ಬಿಯ ಮೇಲಿರುತ್ತದೆ. ಖಾತೆಯಿಂದ ಆಗಲೇ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮ ಊರಿನಲ್ಲಿ ಕಳುವಾಗುವ ಲ್ಯಾಪ್‌ಟಾಪು ಎಷ್ಟೋ ಸಲ ಮನೆಯವರದಾಗಿರದೆ ಕಂಪನಿಯದಾಗಿರುತ್ತದೆ. ಮುಜುಗರಪಟ್ಟು ಸೋಮವಾರದವರೆಗೆ ಕಾಯದೆ ಆ ಗಂಟೆಯಲ್ಲೇ ಕಂಪನಿಗೆ ತಿಳಿಸಿದರೆ ಅವರು ದೂರದಿಂದಲೇ ಅದನ್ನು ಮುಚ್ಚಬಲ್ಲರು. ಅದರ ಕ್ರಮಸಂಖ್ಯೆ ಎಫ್‌ಐಆರ್‌ನಲ್ಲಿ ಬರಲಿ.

ಸಹಿ ಮಾಡಿಟ್ಟ ಚೆಕ್ಕಿದ್ದರೆ ಅದರ ಸಂಖ್ಯೆ ಕೊಟ್ಟು ಪಾವತಿ ನಿಲ್ಲಿಸುವಂತೆ ಬ್ಯಾಂಕಿಗೆ ಬರೆದುಕೊಡಿ. ಬ್ಯಾಂಕ್ ಲಾಕರಿನ ಕೀಲಿ ಹೋಗಿದ್ದರೆ ಅದನ್ನೂ ತಿಳಿಸಿ. ಆಧಾರ್‌ನ ಬೆರಳಚ್ಚು ಮಾಹಿತಿಯನ್ನು ಎಂ-ಆಧಾರ್ ಆ್ಯಪಿನಲ್ಲಿ ಬೀಗ ಹಾಕಿಡಬಹುದು. ಕ್ರಯಪತ್ರ ಹೋಗಿದ್ದರೆ ಎದೆಗುಂದಬೇಕಿಲ್ಲ, ನೋಂದಣಿಯಾದ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಿಂದ, ಕಾವೇರಿ ಜಾಲತಾಣದ ಮೂಲಕ, ಸಿಗುತ್ತದೆ. ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಸುಲಭವೆಂದು ಪೊಲೀಸರ ಇ-ಲಾಸ್ಟ್ ಆನ್‌ಲೈನ್ ಸೇವೆಯಲ್ಲಿ ಈ ದಾಖಲೆಗಳು ಕಳೆದುಹೋಗಿವೆ ಎಂದು ನಮೂದಿಸುವುದು. ಆ ಸೇವೆ ಕಳೆದುಕೊಂಡವರಿಗೆ. ಒಂದೇ ಪಾಸ್‌ಪೋರ್ಟು ಒಂದು ಕಾಗದದಲ್ಲಿ ಕಳುವಾಗಿ, ಇನ್ನೊಂದರಲ್ಲಿ ಕಳೆದುಹೋಗಿ ಕೂತರೆ ಎರಡೂ ಕಾಗದಗಳನ್ನು ಜನ ಸಂಶಯದಿಂದ ನೋಡುತ್ತಾರೆ.

ಅನುಮಾನ

ಮನೆಕೆಲಸದಾಕೆ, ಕಾವಲುಗಾರ, ಕಳೆದ ವಾರ ನಲ್ಲಿ ರಿಪೇರಿಗೆ ಬಂದ ಹುಡುಗ, ಹೀಗೆ ಬಡವರ ಹೆಸರುಗಳೇ ಮೊದಲು ಬಾಯಿಗೆ ಬರುತ್ತವೆ. ಅನುಮಾನಕ್ಕೆ ನಿಜವಾದ ಕಾರಣವಿದ್ದರೆ ಅದನ್ನು ತನಿಖಾಧಿಕಾರಿಗೆ ಹೇಳಿ, ಅಲ್ಲಿಗೆ ಬಿಡಿ. ಕರೆಸಿ ಕೂರಿಸಿ ಕೇಳುವುದು, ಚೀಲ ತಡಕಾಡುವುದು, ಬಾಗಿಲು ಹಾಕಿಕೊಂಡು ಗದರಿಸುವುದು ಅಕ್ರಮ ಬಂಧನದ ಅಪರಾಧವಾಗಬಹುದು, ಅದಕ್ಕಿಂತ ಹೆಚ್ಚಾಗಿ ನಿರಪರಾಧಿಯೊಬ್ಬರಿಗೆ ಬಡಾವಣೆಯಲ್ಲಿ ಮತ್ತೆ ಕೆಲಸ ಸಿಗದಂತೆ ಆಗಬಹುದು. ಅಂಜನ ಹಾಕಿಸಿ, ತಾಂಬೂಲ ಪ್ರಶ್ನೆ ಕೇಳಿ, ‘ಪೂರ್ವ ದಿಕ್ಕಿನ, ಎಣ್ಣೆಗಪ್ಪು ಬಣ್ಣದ ಹೆಂಗಸು’ ಎಂಬ ಉತ್ತರ ತಂದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆ ವರ್ಣನೆಗೆ ಹೊಂದುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅಲ್ಲಿ ಸಿಕ್ಕಿದ್ದು ಹೂ ಕಟ್ಟಿ ಮಾರುತ್ತಿದ್ದ ಹೆಂಗಸು, ಕಳ್ಳರು ಸಿಕ್ಕಿದ್ದು ಎಲ್ಲಿಯೋ ಬೇರೆ ಕಡೆ.

ವಿಮೆ

ಗೃಹಸಾಲದ ಜೊತೆಗೆ ಬಂದ ಮನೆವಿಮೆ ಇದೆಯೆಂದು ನೆಮ್ಮದಿಯಿಂದಿರುವವರು ಪತ್ರವನ್ನು ತೆರೆದು ಓದಬೇಕು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯ ಮೂಲರೂಪದಲ್ಲಿ, ಬೆಂಕಿ, ಪ್ರವಾಹಗಳಂತಹ ಅವಘಡದ ಕಾರಣದಿಂದ ಏಳು ದಿನದೊಳಗೆ ಆಗುವ ಕಳ್ಳತನಕ್ಕೆ ಮಾತ್ರ ರಕ್ಷಣೆಯಿದೆ. ನೀವು ಊರಿಗೆ ಹೋದಾಗ ಬೀಗ ಒಡೆದು ಆಗುವ ಕಳವಿಗೆ ಬೇರೆಯಾಗಿ ಬರ್ಗ್ಲರಿ ರಕ್ಷಣೆ ತೆಗೆದುಕೊಂಡಿರಬೇಕು. ಅಂತಹ ಪಾಲಿಸಿ ಇದ್ದರೆ ಆ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸಿ, ಸರ್ವೇಯರ್ ಬರುವವರೆಗೆ ಮುರಿದ ಬಾಗಿಲಿನ ತುಂಡನ್ನು, ಬೀಗವನ್ನು (ಪೊಲೀಸರು ವಶಕ್ಕೆ ತೆಗೆದುಕೊಳ್ಳದಿದ್ದರೆ) ಇಟ್ಟುಕೊಳ್ಳಿ. ಪಾಲಿಸಿಯಲ್ಲಿ ಬಲಪ್ರಯೋಗದ ಪ್ರವೇಶ ಎಂಬ ಷರತ್ತಿದ್ದರೆ ಬಲಪ್ರಯೋಗದ ಪುರಾವೆಯಿಲ್ಲದೆ ಪರಿಹಾರವಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದೆ. ದೂರಿನಲ್ಲಿ ಬೀಗದ ಮಾತು ಬರಲೇಬೇಕೆಂದು ಮೇಲೆ ಬರೆದದ್ದು ಇದಕ್ಕಾಗಿ.

ಕಳ್ಳರು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ವರದಿಯ ಪ್ರತಿಯನ್ನು ವಿಮಾ ಕಂಪನಿ ಕೇಳುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಕ್ಕುಸಾಧನೆ ತಿರಸ್ಕೃತವಾದರೆ ಮೊದಲು ಕಂಪನಿಗೇ ದೂರಿತ್ತು, ಒಂದು ತಿಂಗಳೊಳಗೆ ಸಮಾಧಾನದ ಉತ್ತರ ಬಾರದಿದ್ದರೆ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬಾಗಿಲು ಮತ್ತು ಮೊದಲ ರಾತ್ರಿ

ಮಹಜರು ಮುಗಿದ ದಿನವೇ ಬಾಗಿಲು ಭದ್ರವಾಗಲಿ. ಒಮ್ಮೆ ದಾರಿ ಗೊತ್ತಾದ ಮನೆಗೆ ಕಳ್ಳರು ಕೆಲವೇ ವಾರಗಳಲ್ಲಿ ಮತ್ತೆ ಬರುವುದುಂಟು. ಕೀಲಿಗೊಂಚಲು ಹೋಗಿದ್ದರೆ ಎಲ್ಲ ಬೀಗಗಳನ್ನೂ ಬದಲಿಸಬೇಕು, ಸ್ಕೂಟರಿನದನ್ನೂ ಮರೆಯದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ರಿಪೇರಿ ಖರ್ಚಿನ ಮಾತನ್ನು ಮೊದಲೇ ಮುಗಿಸಿಕೊಳ್ಳಿ. ಆ ರಾತ್ರಿ ಮನೆಯಲ್ಲಿ ಮಲಗಲು ವಯಸ್ಸಾದವರಿಗೆ, ಮಕ್ಕಳಿಗೆ ಭಯವಾದರೆ ನೆಂಟರ ಮನೆಗೆ ಕಳುಹಿಸಿ, ಒಬ್ಬರೋ ಇಬ್ಬರೋ ಇಲ್ಲಿ ಉಳಿಯಿರಿ. ಮುಂದಿನ ಸಲ ಊರಿಗೆ ಹೊರಡುವ ಮುನ್ನ ಠಾಣೆಗೆ ತಿಳಿಸಿದರೆ ಬೀಟ್ ಪೊಲೀಸರು ಬೀಗ ಹಾಕಿದ ಮನೆಯ ಮೇಲೆ ಕಣ್ಣಿಡುವ ಪದ್ಧತಿ ನಗರದಲ್ಲಿದೆ. ಚಪ್ಪಲಿ ಸ್ಟ್ಯಾಂಡಿನೊಳಗೆ ಕೀಲಿ ಇಡುವ ಪದ್ಧತಿಯನ್ನಂತೂ ಕಳ್ಳರು ನಮಗಿಂತ ಚೆನ್ನಾಗಿ ಬಲ್ಲರು.

ಒಡವೆ ಸಿಕ್ಕಾಗ

ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ನೀವಾಗಿಯೂ ತಿಂಗಳಿಗೊಮ್ಮೆ ಅಪರಾಧ ಸಂಖ್ಯೆ ಹೇಳಿ ವಿಚಾರಿಸುತ್ತಿರಿ. ತನಿಖಾಧಿಕಾರಿಗೆ ವರ್ಗವಾದರೆ ಹೊಸಬರಿಗೆ ನಿಮ್ಮ ಪಟ್ಟಿಯ ಇನ್ನೊಂದು ಪ್ರತಿ ಕೊಡಿ. ಬೇರೆ ಯಾವುದೋ ಪ್ರಕರಣದಲ್ಲಿ ಸಿಕ್ಕಿಬಿದ್ದವನು ಹಳೆಯ ಕಳವುಗಳನ್ನು ಒಪ್ಪಿಕೊಂಡು, ಗಿರವಿ ಅಂಗಡಿಯಿಂದ ಒಡವೆ ಪೊಲೀಸರ ವಶಕ್ಕೆ ಬರುವುದು ವರ್ಷ ಕಳೆದ ಮೇಲೂ ಆಗುವುದುಂಟು. ಗುರುತಿಸಲು ಕರೆದಾಗ ಬಿಲ್ಲು, ಫೋಟೊಗಳೊಂದಿಗೆ ಹೋಗಿ. ಚಿನ್ನವನ್ನು ಕರಗಿಸಿ ಗಟ್ಟಿ ಮಾಡಿಬಿಟ್ಟಿದ್ದರೆ ಅದರ ಮೇಲೆ ಹಲವರ ಹಕ್ಕು ಬೀಳುತ್ತದೆ, ಆಗ ನಿಮ್ಮ ಪಟ್ಟಿಯ ತೂಕವೇ ನಿಮ್ಮ ಪರವಾಗಿ ಮಾತಾಡಬೇಕು.

ಸಿಕ್ಕ ಒಡವೆಯನ್ನು ಪೊಲೀಸರು ನೇರವಾಗಿ ಕೈಗೆ ಕೊಡುವುದಿಲ್ಲ, ನ್ಯಾಯಾಲಯದ ಆದೇಶ ಬೇಕು. ವಿಚಾರಣೆ ಮುಗಿಯುವವರೆಗೆ ಕಾಯಬೇಕೆಂದು ತಿಳಿದು ಎಷ್ಟೋ ಜನ ಸುಮ್ಮನಾಗುತ್ತಾರೆ. ಹಾಗಿಲ್ಲ: ಫೋಟೊ ಮತ್ತು ಪಂಚನಾಮೆ ಇಟ್ಟುಕೊಂಡು, ಮುಚ್ಚಳಿಕೆ (ಷರತ್ತಿಗೆ ಬದ್ಧರೆಂಬ ಬರಹ) ಬರೆಸಿಕೊಂಡು, ಒಡವೆಯನ್ನು ಬೇಗ ವಾರಸುದಾರರಿಗೆ ಕೊಡಬೇಕೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ, ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೆಯ ಕಲಮುಗಳು ಆ ದಾರಿಯನ್ನು ತೆರೆದಿವೆ. ನಿಮ್ಮ ಠಾಣೆಯ ಪ್ರಕರಣಗಳನ್ನು ನೋಡುವ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ವಕೀಲರ ಮೂಲಕ ಮಧ್ಯಂತರ ವಶಕ್ಕೆ ಅರ್ಜಿ ಹಾಕಿಸಿ. ವಕೀಲರ ಶುಲ್ಕ ಭಾರವಾದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವಿನ ಹಕ್ಕಿದೆ, ಆದ್ದರಿಂದ ಒಡವೆ ಅಮ್ಮನದೋ ಹೆಂಡತಿಯದೋ ಆಗಿದ್ದರೆ ಅರ್ಜಿಯೂ ಅವರ ಹೆಸರಿನಲ್ಲೇ ಇರಲಿ.

ಮುಚ್ಚಳಿಕೆಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು, ನ್ಯಾಯಾಲಯ ಕೇಳಿದಾಗ ಅದೇ ಒಡವೆಯನ್ನು ಹಾಜರುಪಡಿಸಬೇಕು ಎಂಬುದು. ಕಳ್ಳನ ಕೈ ಸೋಕಿದ ಸರವೆಂದು ಮನಸ್ಸಿಗೆ ಒಗ್ಗದೆ ಅದನ್ನು ಕೊಟ್ಟು ಹೊಸದು ಮಾಡಿಸಲು ಹೊರಡುವವರು ಆ ಕಾಗದವನ್ನು ಇನ್ನೊಮ್ಮೆ ಓದಿ. ಸಾಕ್ಷಿ ಹೇಳಲು ಸಮನ್ಸ್ ಬರುವುದು ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಆ ದಿನ ಸರಕಾರಿ ವಕೀಲರು ನಿಮ್ಮ ಕೈಗೆ ಮೂಲ ದೂರಿನ ಪ್ರತಿಯನ್ನು ಕೊಟ್ಟು ಮೊದಲು ಕೇಳುವುದು ಅದರ ಕೆಳಗಿನ ಸಹಿ ನಿಮ್ಮದೇ ಎಂದು, ಆಮೇಲೆ ಕೇಳುವುದು ಆ ಸರ ತಂದಿದ್ದೀರಾ ಎಂದು.